ಮಲೆನಾಡಿನ ಮಳೆಯಲ್ಲಿ ಒಂದು ಗಾಬ್ಲಿನ್ ಪಡೆ

ಗಾಬ್ಲಿನ್ ಅನ್ನೋ ನಲವತ್ತು ಸಣ್ಣ ರಕ್ಕಸರು, ಹತ್ತು ತೋಳ ಸವಾರರು, ಟ್ರಾಲ್ ಅನ್ನೋ ಮೂರು ದೈತ್ಯರು, ಒಬ್ಬ ನಾಯಕ. ಇದು ನನ್ನ ಬೊಂಬೆ ಸೈನ್ಯ, ಮೇಜಿನ ಮೇಲೆ ಯುದ್ಧದಾಟ ಆಡೋದಕ್ಕೆ ನಾನೇ ಬಣ್ಣ ಹಚ್ಚಿದ್ದು. ಒಬ್ಬೊಬ್ಬ ಗಾಬ್ಲಿನ್ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರ. ಇಡೀ ಪಡೆ ಎರಡು ಬಿಸ್ಕತ್ ಡಬ್ಬದಲ್ಲಿ ಹಿಡಿಸುತ್ತದೆ. ಇಷ್ಟಕ್ಕೆ ಮೇ ತಿಂಗಳಲ್ಲಿ ಕೈ ಹಾಕಿದವನು ಕೊನೆಯ ವಾರ್ನಿಷ್ ಹೊಡೆಯುವಷ್ಟರಲ್ಲಿ ಮುಂಗಾರು ಕಳೆದಿತ್ತು, ಕಾಫಿ ಕೊಯ್ಲು ಮುಗಿದಿತ್ತು, ಚಿಕ್ಕಮಗಳೂರಿನ ತೋಟದವರೆಲ್ಲ ಹೂಮಳೆಗೆ ಆಕಾಶ ನೋಡುತ್ತಿದ್ದರು.

ಇದು ಯಾವ ಆಟ ಅಂತ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಆರಡಿ ಉದ್ದ, ನಾಲ್ಕಡಿ ಅಗಲದ ಮೇಜು. ಅದರ ಮೇಲೆ ಸಣ್ಣ ಗುಡ್ಡ, ಕಾಡು, ಪಾಳು ಗೋಡೆ. ಚದುರಂಗದ ಹಾಗೆ ಮನೆಗಳಿಲ್ಲ. ಅಳತೆ ಟೇಪ್ ಹಿಡಿದು ಇಷ್ಟು ಇಂಚು ಅಂತ ಅಳೆದು ಬೊಂಬೆಗಳನ್ನು ನಡೆಸಬೇಕು. ಹೊಡೆದಾಟ ಬಂದಾಗ ದಾಳ ಉರುಳಿಸಬೇಕು. ನನ್ನ ಆಫೀಸಿನಲ್ಲಿ ಒಬ್ಬರು ಇದನ್ನು ಕೇಳಿ "ಮಕ್ಕಳಾಟ ಬಿಡಿ ಸಾರ್" ಅಂದರು. ಆದರೆ ಪ್ರಷ್ಯಾ ಅನ್ನೋ ಹಳೆಯ ಜರ್ಮನ್ ರಾಜ್ಯದಲ್ಲಿ ರೈಸ್ವಿಟ್ಜ್ ಅನ್ನುವವರು 1812ರಲ್ಲಿ ಇಂಥದೊಂದು ಯುದ್ಧದಾಟವನ್ನು ರಾಜನಿಗೇ ತೋರಿಸಿದ್ದರು. 1824ರಲ್ಲಿ ಅವರ ಮಗ ನಿಯಮಗಳನ್ನು ತಿದ್ದಿ ಅಚ್ಚು ಹಾಕಿಸಿದ ಮೇಲೆ ಅಲ್ಲಿನ ಸೈನ್ಯದ ಅಧಿಕಾರಿಗಳೇ ಇದನ್ನು ಆಡಿ ಕಲಿತರು. ಅದಕ್ಕೆ ರಾಕ್ಷಸರು, ಮಾಟಗಾರರು ಸೇರಿಕೊಂಡಿದ್ದು ಬಹಳ ಆಮೇಲೆ. 1975ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೇಮ್ಸ್ ವರ್ಕ್‌ಶಾಪ್ ಕಂಪನಿ 1983ರಲ್ಲಿ ವಾರ್‌ಹ್ಯಾಮರ್ ಅನ್ನೋ ಆಟ ಹೊರತಂದಿತು. ಈ ಹವ್ಯಾಸಕ್ಕೆ ಈಗಿರುವ ರೂಪ ಬಂದಿದ್ದು ಹೆಚ್ಚಾಗಿ ಅದರಿಂದ. ಇಷ್ಟೆಲ್ಲ ಹೇಳಿದ ಮೇಲೂ ಅವರು "ಅಂದ್ರೂ ಬೊಂಬೆ ತಾನೇ" ಅಂದರು. ಬೊಂಬೆಯೇ, ಇಲ್ಲ ಅನ್ನೋಕಾಗುತ್ತಾ.

ಇದಕ್ಕೆ ನನ್ನನ್ನು ಎಳೆದವನು ಅಕ್ಕನ ಮಗ. ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಹತ್ತಿರ ಅರ್ಧ ಬಣ್ಣ ಹಚ್ಚಿದ ಅಸ್ಥಿಪಂಜರಗಳ ಸೈನ್ಯವಿತ್ತು, ಎದುರಾಳಿ ಇರಲಿಲ್ಲ. "ಮಾಮ, ನೀವು ಒಂದು ಪಡೆ ಮಾಡಿ, ಬಸ್ಸು ಹತ್ತಿದರೆ ಬೇಲೂರು ದಾಟಿ ಎರಡು ಗಂಟೆ" ಅಂತ ಫೋನಿನಲ್ಲಿ ಪೀಡಿಸಿದ. ಹೊಸಬರಿಗೆ ಅಸ್ಥಿಪಂಜರವೇ ಸುಲಭ, ಅದರಲ್ಲಿ ಅನುಮಾನವಿಲ್ಲ. ಬಿಳಿ ಬಳಿದು, ಮೇಲೆ ಕಂದು ನೀರುಬಣ್ಣ ಹರಿಸಿ, ಒಣಗಿದ ಮೇಲೆ ಬಿಳಿ ಉಜ್ಜಿದರೆ ಮೂಳೆ ತಯಾರು. ಆದರೆ ನಮ್ಮಮ್ಮ ಅವನ ಫೋಟೋ ನೋಡಿದ ಕೂಡಲೇ, "ಈ ಹೆಣದ ಮೂಳೆ ಎಲ್ಲ ನಮ್ಮನೆಗೆ ತರಬೇಡ ಮಗಾ" ಅಂದುಬಿಟ್ಟರು. ಗಾಬ್ಲಿನ್ ಅಂದರೆ ಏನು ಅಂತ ಕೇಳಿದರು. ಸಣ್ಣ ರಕ್ಕಸ, ಹಸಿರು ಬಣ್ಣ, ಉದ್ದ ಮೂಗು, ಸ್ವಲ್ಪ ಹೇಡಿ ಅಂದೆ. ಅದು ಅವರಿಗೆ ಒಪ್ಪಿಗೆಯಾಯಿತು. ದಸರಾ ಗೊಂಬೆ ಪಕ್ಕ ಮಾತ್ರ ಇಡಕೂಡದು ಅಂತ ಷರತ್ತು.

ನಿಯಮಕ್ಕೆ ನಾವು ಆರಿಸಿಕೊಂಡಿದ್ದು ಒನ್ ಪೇಜ್ ರೂಲ್ಸ್‌ನವರ ಏಜ್ ಆಫ್ ಫ್ಯಾಂಟಸಿ. ಮೂಲ ನಿಯಮಗಳು ಪುಕ್ಕಟೆ ಸಿಗುತ್ತವೆ. ಯಾವ ಕಂಪನಿಯ ಬೊಂಬೆ ಇಟ್ಟು ಆಡಿದರೂ ಸರಿ. ಇದು ನನಗೆ ದೊಡ್ಡ ಅನುಕೂಲ. ಹೊರದೇಶದ ಪೆಟ್ಟಿಗೆಗಳಿಗೆ ಸಾಗಣೆ ಖರ್ಚು, ಸುಂಕ ಎಲ್ಲ ಸೇರಿದರೆ ಕೈ ಸುಡುತ್ತದೆ. ಆದ್ದರಿಂದ ಗಾಬ್ಲಿನ್ ಮತ್ತು ತೋಳ ಸವಾರರನ್ನಷ್ಟೇ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ತರಿಸಿದೆ. ಟ್ರಾಲ್‌ಗಳು, ನಾಯಕ ಇವೆಲ್ಲ ಹಾಸನದಲ್ಲಿ, ರೆಸಿನ್ ಅನ್ನೋ ದ್ರವವನ್ನು ಗಟ್ಟಿ ಮಾಡಿ ಬೊಂಬೆ ಮುದ್ರಿಸುವ ಪ್ರಿಂಟರ್‌ನಿಂದ ಬಂದವು. ಆ ಕಥೆ ಆಮೇಲೆ.

ಉಳಿದದ್ದನ್ನು ಊರಲ್ಲೇ ಹುಡುಕಿದೆ. ಇದರಲ್ಲಿ ನನಗೆ ಸಿಕ್ಕ ಖುಷಿ ಬಣ್ಣ ಹಚ್ಚೋದರಲ್ಲೂ ಕೆಲವು ಸಲ ಸಿಗಲಿಲ್ಲ. ಬೊಂಬೆಯ ಕಾಲಡಿಗೆ ಒಂದು ದುಂಡನೆಯ ತಟ್ಟೆ ಬೇಕು. ಗಾಬ್ಲಿನ್‌ಗೆ 25 ಮಿಲಿಮೀಟರ್, ದೊಡ್ಡವಕ್ಕೆ 40. ನೇಮ್ ಬೋರ್ಡ್ ಮಾಡುವ ಅಂಗಡಿಯಲ್ಲಿ ಲೇಸರ್ ಕಟಿಂಗ್ ಮೆಷಿನ್ ಇರುತ್ತಲ್ಲ, ಅಲ್ಲಿ ಮೂರು ಮಿಲಿಮೀಟರ್ ಎಂಡಿಎಫ್ ಹಲಗೆಯಲ್ಲಿ ಬಿಲ್ಲೆ ಕತ್ತರಿಸಿಕೊಟ್ಟರು. ಮೇಜಿಗೆ ಪ್ಲೈವುಡ್ ತಂದೆ. ಪೂರ್ತಿ ಶೀಟು ಎಂಟಡಿ ನಾಲ್ಕಡಿ ಇರುತ್ತದೆ. ಆರಡಿಗೆ ಕತ್ತರಿಸಿದರೆ ಎರಡಡಿಯ ತುಂಡು ಉಳಿಯುತ್ತದೆ. ಗುಡ್ಡಗಳಿಗೆ ಅದೇ ತಳಪಾಯ ಆಯಿತು. ಬಣ್ಣದಲ್ಲಿ ಅರ್ಧ ಸ್ಪೇನಿನ ವಾಲ್ಯೆಹೋ ಕಂಪನಿಯದು, ಪುಟ್ಟ ಬಾಟಲಿ, ಹನಿ ಹನಿಯಾಗಿ ಬೀಳುವ ಮೂತಿ. ಇನ್ನರ್ಧ ಸ್ಟೇಷನರಿ ಅಂಗಡಿಯ ಕ್ಯಾಮೆಲ್ ಮತ್ತು ಫೆವಿಕ್ರಿಲ್. ಇವೆರಡು ಗಟ್ಟಿ ಬಣ್ಣಗಳು. ನೀರು ಬೆರೆಸಿ ತೆಳ್ಳಗೆ ಎರಡು ಮೂರು ಸಲ ಹಚ್ಚಿದರೆ ಕೆಲಸಕ್ಕೆ ಬರುತ್ತವೆ. ಬಾಟಲಿಯಿಂದ ಹಾಗೇ ತೆಗೆದು ಹಚ್ಚಿದರೆ ಗಾಬ್ಲಿನ್ ಮುಖದಲ್ಲಿ ಮೂಗು ಯಾವುದು ಬಾಯಿ ಯಾವುದು ಗೊತ್ತಾಗಲ್ಲ.

ಬ್ರಷ್ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಎಲ್ಲರೂ ಸೊನ್ನೆ, ಎರಡು ಸೊನ್ನೆ, ಮೂರು ಸೊನ್ನೆ ಅಂತ ಕೂದಲೆಳೆಯ ಬ್ರಷ್ ಕೊಳ್ಳುತ್ತಾರೆ. ಅಷ್ಟು ಸಣ್ಣದರಲ್ಲಿ ಬಣ್ಣ ನಿಲ್ಲುವುದೇ ಇಲ್ಲ, ಬೊಂಬೆಗೆ ಮುಟ್ಟಿಸುವಷ್ಟರಲ್ಲಿ ತುದಿ ಒಣಗಿರುತ್ತದೆ. ತುದಿ ಚೂಪಾಗಿರುವ ಒಂದನೇ ನಂಬರ್, ಎರಡನೇ ನಂಬರ್ ಬ್ರಷ್ ಸಾಕು. ಅದರ ಜೊತೆ ಫ್ಯಾನ್ಸಿ ಸ್ಟೋರ್‌ನಲ್ಲಿ ಸಿಗುವ ಮೆತ್ತನೆಯ ದುಂಡು ಮೇಕಪ್ ಬ್ರಷ್ ಒಂದು. ನನ್ನ ಅರ್ಧ ಸೈನ್ಯಕ್ಕೆ ಬಣ್ಣ ಬಿದ್ದಿದ್ದು ಆ ಮೇಕಪ್ ಬ್ರಷ್ಷಿನಿಂದಲೇ. ಕನ್ನಡಕದ ಅಂಗಡಿಯಲ್ಲಿ ಓದುವ ಕನ್ನಡಕವೂ ಒಂದು ತಗೊಂಡೆ. ನಲವತ್ತು ದಾಟಿದವರು ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಪೆಟ್ಟಿಗೆ ತೆರೆದರೆ ಒಳಗೆ ಸೈನಿಕರಿರಲ್ಲ. ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೈ, ತಲೆ, ಗುರಾಣಿ, ಈಟಿ ಬೇರೆ ಬೇರೆ ಅಂಟಿಕೊಂಡಿರುತ್ತವೆ. ಇದನ್ನು ಸ್ಪ್ರೂ ಅನ್ನುತ್ತಾರೆ. ಸಣ್ಣ ಕಟರ್‌ನಿಂದ ಒಂದೊಂದೇ ಕತ್ತರಿಸಿ ತೆಗೆಯಬೇಕು. ಅಚ್ಚಿನ ಎರಡು ಭಾಗ ಸೇರಿದ ಕಡೆ ಒಂದು ತೆಳು ಗೆರೆ ಉಳಿದಿರುತ್ತದೆ, ಬ್ಲೇಡಿನ ಬೆನ್ನಿನಿಂದ ಅದನ್ನು ಕೆರೆಯಬೇಕು. ಬೇಸರದ ಕೆಲಸ. ಆದರೆ ಬಿಟ್ಟರೆ ಆಮೇಲೆ ಬಣ್ಣ ಉಜ್ಜುವಾಗ ಆ ಗೆರೆಯೇ ಮೊದಲು ಎದ್ದು ಕಾಣುತ್ತದೆ. ಹೊರಗೆ ಜೂನ್ ಮಳೆ ಹಿಡಿದಿತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಟಿವಿ ಇಲ್ಲದ ಸಂಜೆಗಳಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ ಬಿಡಿ. ಕೆರೆಯೋದಕ್ಕೆ ಎಮರ್ಜೆನ್ಸಿ ಲ್ಯಾಂಪಿನ ಬೆಳಕು ಸಾಕು.

ಅಂಟಿನಲ್ಲಿ ಎರಡು ಜಾತಿ. ಪ್ಲಾಸ್ಟಿಕ್ ಬೊಂಬೆಗೆ ಪ್ಲಾಸ್ಟಿಕ್ ಸಿಮೆಂಟ್. ಅದು ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಸ್ವಲ್ಪ ಕರಗಿಸಿ ಒಂದೇ ತುಂಡಾಗಿಸುತ್ತದೆ. ಒಣಗಿದ ಮೇಲೆ ಕಿತ್ತರೂ ಬರಲ್ಲ. ರೆಸಿನ್‌ಗೆ ಅದು ನಾಟುವುದಿಲ್ಲ, ಅದಕ್ಕೆ ಫೆವಿಕ್ವಿಕ್ಕೇ ಬೇಕು. ನಮ್ಮ ಕಡೆಯವರಿಗೆ ಮಜಾ ಅನ್ನಿಸುವ ಒಂದು ಸಂಗತಿ ಇದೆ. ಮಳೆಗಾಲದಲ್ಲಿ ಏನೂ ಒಣಗಲ್ಲ ಅಂತ ನಾವು ಗೊಣಗುತ್ತೇವೆ. ಫೆವಿಕ್ವಿಕ್ ಮಾತ್ರ ಮಳೆಗಾಲದಲ್ಲೇ ಬೇಗ ಕಚ್ಚಿಕೊಳ್ಳುತ್ತದೆ. ಗಾಳಿಯ ತೇವ ಹೀರಿಯೇ ಅದು ಗಟ್ಟಿಯಾಗುವುದು. ಆದರೆ ತೇವ ಅತಿಯಾದರೆ ಅಂಟಿನ ಸುತ್ತ ಬೂದಿಯಂಥ ಬಿಳಿ ಪುಡಿ ಕೂರುತ್ತದೆ. ಅಂಟು ಕಡಿಮೆ ಹಾಕಿದರೆ ಅದೂ ಕಡಿಮೆ.

ಪ್ರೈಮರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಬರೀ ಪ್ಲಾಸ್ಟಿಕ್ ಮೇಲೆ ನೀರಿನ ಬಣ್ಣ ನಿಲ್ಲುವುದಿಲ್ಲ, ಉಗುರು ತಾಗಿದರೆ ಕಿತ್ತು ಬರುತ್ತದೆ. ಮೊದಲು ಒಂದು ಹಿಡಿತದ ಪದರ ಬೇಕು. ಎಲ್ಲ ಕಡೆ ಹೇಳಿಕೊಡೋದು ಸ್ಪ್ರೇ ಕ್ಯಾನ್ ತಗೊಂಡು ಹೊಡೀರಿ ಅಂತ. ಹೇಳಿಕೊಡುವವರು ಮುಂಗಾರಿನಲ್ಲಿ ಚಿಕ್ಕಮಗಳೂರಿಗೆ ಬಂದು ನೋಡಬೇಕು. ಬಟ್ಟೆ ವಾರಗಟ್ಟಲೆ ಹಗ್ಗದ ಮೇಲೇ ಇರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಅಂಥ ಗಾಳಿಯಲ್ಲಿ ಸ್ಪ್ರೇ ಹೊಡೆದರೆ ಅದರ ದ್ರಾವಕ ಆರುವಾಗ ಬೊಂಬೆಯ ಮೈ ತಣ್ಣಗಾಗುತ್ತದೆ. ಗಾಳಿಯ ನೀರು ಅಲ್ಲೇ ಕೂತುಬಿಡುತ್ತದೆ. ಬಣ್ಣ ಮಂಕಾಗಿ, ಬಿಳಿ ಮುಸುಕು ಹಿಡಿದು, ಮೈಯೆಲ್ಲ ತರಿ ತರಿ ಆಗುತ್ತದೆ.

ಅದಕ್ಕೇ ನಾನು ಮಳೆಗಾಲದ ಮಟ್ಟಿಗೆ ಸ್ಪ್ರೇ ಕೈಬಿಟ್ಟೆ. ಬಾಟಲಿಯಲ್ಲಿ ಬರುವ ಅಕ್ರಿಲಿಕ್ ಪ್ರೈಮರನ್ನು ಬ್ರಷ್‌ನಿಂದಲೇ ಹಚ್ಚಿದೆ, ಕಪ್ಪು ಬಣ್ಣದ್ದು. ನಿಧಾನ, ಆದರೆ ಮಳೆಗೆ ಹೆದರಬೇಕಿಲ್ಲ. ಹಚ್ಚಿದ ಬೊಂಬೆಗಳನ್ನು ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿಟ್ಟೆ. ಪ್ರೈಮರ್ ಮುಟ್ಟಿದರೆ ಒಣಗಿದ ಹಾಗೆ ಇರುತ್ತದೆ, ಒಳಗೆ ಇನ್ನೂ ಹಸಿ. ಒಂದು ಪೂರ್ತಿ ದಿನ ಬಿಡಬೇಕು, ನಮ್ಮಲ್ಲಿ ಎರಡು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ಗಾಡಿಗೆ ಹೊಡೆಯುವ ಸ್ಪ್ರೇ ಪ್ರೈಮರ್ ಬಳಸುವವರು ಮೊದಲು ಖಾಲಿ ಸ್ಪ್ರೂ ತುಂಡಿನ ಮೇಲೆ ಹೊಡೆದು ನೋಡಿ. ಕೆಲವು ಕ್ಯಾನ್‌ಗಳ ಥಿನ್ನರ್ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ.

ಕಪ್ಪು ಒಣಗಿದ ಮೇಲೆ ಮೇಕಪ್ ಬ್ರಷ್ ಹೊರಗೆ ಬಂತು. ಬೂದು ಬಣ್ಣವನ್ನು ಬ್ರಷ್‌ಗೆ ತಗೊಂಡು, ಬಟ್ಟೆಗೆ ಒರೆಸಿ ಒರೆಸಿ ಬಹುತೇಕ ಖಾಲಿ ಮಾಡಿ, ಬೊಂಬೆಯ ಮೇಲೆ ಹಗುರವಾಗಿ ಸವರಬೇಕು. ಉಬ್ಬಿದ ಜಾಗಕ್ಕೆ ಮಾತ್ರ ಬಣ್ಣ ಹಿಡಿಯುತ್ತದೆ, ಸಂದುಗಳು ಕಪ್ಪಾಗಿಯೇ ಉಳಿಯುತ್ತವೆ. ಇದಕ್ಕೆ ಡ್ರೈ ಬ್ರಷ್ ಅನ್ನುತ್ತಾರೆ. ಆಮೇಲೆ ಬಿಳಿ, ಅದು ಮೇಲಿನಿಂದ ಮಾತ್ರ, ತಲೆ ಮತ್ತು ಭುಜಕ್ಕೆ. ಅಲ್ಲಿಗೆ ಬಿಸಿಲು ನೆತ್ತಿಯ ಮೇಲೆ ಬಿದ್ದ ಬೆಳಕು ನೆರಳು ಬೊಂಬೆಯ ಮೇಲೆ ಬಂದಾಯಿತು. ಅದರ ಮೇಲೆ ಪಾರದರ್ಶಕ ಬಣ್ಣ ಒಂದು ಸಲ. ಗೇಮ್ಸ್ ವರ್ಕ್‌ಶಾಪ್ 2019ರಲ್ಲಿ ಕಾಂಟ್ರಾಸ್ಟ್ ಅನ್ನೋ ಬಣ್ಣ ತಂದ ಮೇಲೆ ಬೇರೆ ಕಂಪನಿಗಳೂ ಇಂಥದನ್ನು ಮಾಡಿವೆ. ಉಬ್ಬಿನಲ್ಲಿ ತೆಳುವಾಗಿ, ಸಂದಿನಲ್ಲಿ ದಟ್ಟವಾಗಿ ತಾನೇ ಹರಿದು ಕೂರುತ್ತದೆ. ಈ ಒಟ್ಟು ಪದ್ಧತಿಗೆ ಸ್ಲ್ಯಾಪ್ ಚಾಪ್ ಅಂತ ಹೆಸರು. ದೊಡ್ಡ ಕಲಾವಿದರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ. ಮುರಿಯಲಿ. ಅವರು ಒಂದು ಬೊಂಬೆ ಮಾಡುತ್ತಾರೆ, ನನಗೆ ಬೇಕಾಗಿದ್ದು ಸೈನ್ಯ.

ಈ ಮಾತು ನನಗೆ ಸರಿಯಾಗಿ ಅರ್ಥವಾಗಿದ್ದು ಹಳೇಬೀಡಿನಲ್ಲಿ.

ಅಳಿಯ ಮುದ್ರಿಸಿದ ನಾಯಕನ ಬೊಂಬೆ ಕೊಡಬೇಕಿತ್ತು. ನಾನು ಇಲ್ಲಿಂದ, ಅವನು ಅಲ್ಲಿಂದ, ನಡುವೆ ಹಳೇಬೀಡಿನಲ್ಲಿ ಸೇರೋಣ ಅಂತ ಮಾತಾಯಿತು. ಹೊಯ್ಸಳೇಶ್ವರ ದೇವಸ್ಥಾನವನ್ನು ಸ್ಕೂಲ್ ಟೂರಿನಿಂದ ಹಿಡಿದು ಎಷ್ಟೋ ಸಲ ನೋಡಿದ್ದೇನೆ. ಆವತ್ತು ಮಾತ್ರ ನೋಡಿದ ಕಣ್ಣು ಬೇರೆ. ಗೋಡೆಯ ತಳದಲ್ಲಿ ಆನೆಗಳ ಸಾಲು. ಅದರ ಮೇಲೆ ಸಿಂಹ. ಆಮೇಲೆ ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ರಾಮಾಯಣ ಮಹಾಭಾರತದ ಕಥೆಗಳು, ಮಕರ, ಹಂಸ. ಹತ್ತಿರ ಹೋದರೆ ಒಂದು ಆನೆಗೂ ಇನ್ನೊಂದಕ್ಕೂ ವ್ಯತ್ಯಾಸ ಕಾಣುತ್ತದೆ. ಸೊಂಡಿಲು ಬೇರೆ ತಿರುಗಿದೆ, ಮೇಲೆ ಕೂತವನ ಭಂಗಿ ಬೇರೆ. ಆದರೆ ಹತ್ತು ಹೆಜ್ಜೆ ಹಿಂದೆ ಬಂದು ನಿಂತರೆ ಆನೆಗಳು ಕಾಣಲ್ಲ, ಆನೆಗಳ ಸಾಲು ಕಾಣುತ್ತದೆ. ಇಡೀ ಗುಡಿಯ ಭಾರ ಹೊತ್ತು ಹೊರಟ ಸಾಲು.

ಅದು ಅಷ್ಟು ದೂರದಿಂದ ಹಾಗೆ ಕಾಣೋದು ಹೇಗೆ? ಕಲ್ಲಿನಲ್ಲಿ ಬಣ್ಣವಿಲ್ಲ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಆ ಮೆತ್ತನೆಯನ್ನು ಬಳಸಿಕೊಂಡು ಶಿಲ್ಪಿಗಳು ಅಂಚಿನ ಹಿಂದೆ ಆಳಕ್ಕೆ ಕೊರೆದಿದ್ದಾರೆ. ಕೊರೆದ ಸಂದಿನಲ್ಲಿ ನೆರಳು ನಿಲ್ಲುತ್ತದೆ. ಆ ನೆರಳೇ ಗೆರೆ ಎಳೆದ ಹಾಗೆ ಕಾಲನ್ನು ಕಾಲಿನಿಂದ, ಸೊಂಡಿಲನ್ನು ಮೈಯಿಂದ ಬಿಡಿಸಿ ತೋರಿಸುತ್ತದೆ. ನಾವು ಬೊಂಬೆಯ ಸಂದಿಗೆ ಕಪ್ಪು ಕಂದು ವಾಶ್, ಅಂದರೆ ನೀರಾಗಿರುವ ಬಣ್ಣ, ಹರಿಸೋದು ಇದಕ್ಕೇ ಅಲ್ವಾ. ಎರಡೂವರೆ ಸೆಂಟಿಮೀಟರ್ ಎತ್ತರದ ಮೈಮೇಲೆ ನಿಜವಾದ ನೆರಳು ಕಣ್ಣಿಗೆ ಸಿಗುವಷ್ಟು ಬೀಳುವುದಿಲ್ಲ. ಅದನ್ನು ಬಣ್ಣದಲ್ಲಿ ಬರೆಯಬೇಕು. ಈ ಬೊಂಬೆಗಳಿಗೆ ಕೈ, ತಲೆ, ಕತ್ತಿ ಎಲ್ಲ ಅಳತೆ ಮೀರಿ ದಪ್ಪ ಇಟ್ಟಿರುವುದೂ ದೂರದಿಂದ ಗುರುತು ಸಿಗಲಿ ಅಂತಲೇ.

"ಮಾಮ, ಒಂದು ಗಂಟೆಯಿಂದ ಆನೆ ಕಾಲೇ ನೋಡ್ತಾ ಇದೀರ" ಅಂದ ಅಳಿಯ. ಗೈಡ್ ಒಬ್ಬರು ನಮ್ಮನ್ನು ದಾಟಿ ಜನರನ್ನು ನಂದಿ ಮಂಟಪದ ಕಡೆ ಕರೆದುಕೊಂಡು ಹೋದರು. ವಾಪಸ್ ಬರುವಾಗ ನಾನು ಬೇಲೂರಿನಲ್ಲೂ ಇಳಿದೆ. ಮದನಿಕೆಯರ ಪೀಠದಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಹೆಸರು ಬರೆಸಿಕೊಂಡಿದ್ದಾರೆ. ಅಂಥ ಒಂಟಿ ಶಿಲ್ಪಕ್ಕೆ ಹತ್ತಿರದ ನೋಟ ಬೇಕು, ಹೆಸರೂ ಬೇಕು. ನಾಯಕನ ಬೊಂಬೆಯನ್ನು ಹಾಗೆ ಮಾಡೋಣ, ಗಾಬ್ಲಿನ್‌ಗಳನ್ನು ಆನೆ ಸಾಲಿನ ಹಾಗೆ ಮಾಡೋಣ ಅಂತ ಬಸ್ಸಿನಲ್ಲೇ ತೀರ್ಮಾನಿಸಿದೆ.

ತೀರ್ಮಾನ ಆದ ಮೇಲೆ ಕೈ ಓಡಿತು. ಒಂದು ಗಾಬ್ಲಿನ್ ಮುಗಿಸಿ ಇನ್ನೊಂದಕ್ಕೆ ಹೋಗುವುದು ಬಿಟ್ಟು, ಹತ್ತನ್ನು ಒಟ್ಟಿಗೆ ಸಾಲಾಗಿಟ್ಟೆ. ಔಷಧಿ ಬಾಟಲಿಗಳ ಮುಚ್ಚಳಕ್ಕೆ ಒಂದೊಂದು ಬೊಂಬೆಯನ್ನು ಅಂಟುಮೇಣದಲ್ಲಿ ನಿಲ್ಲಿಸಿ, ಹತ್ತಕ್ಕೂ ಹಸಿರು. ಹತ್ತನೆಯದು ಮುಗಿಯುವಾಗ ಮೊದಲನೆಯದು ಒಣಗಿರುತ್ತದೆ. ಆಮೇಲೆ ಹತ್ತಕ್ಕೂ ಚರ್ಮದ ಪಟ್ಟಿ. ಆಮೇಲೆ ಕಬ್ಬಿಣ. ಇದು ಬಹಳ ಬೋರು, ಸುಳ್ಳು ಯಾಕೆ ಹೇಳಲಿ. ಮೂರನೇ ಹತ್ತಕ್ಕೆ ಬರುವಾಗ ಹಸಿರು ಕಂಡರೆ ಆಗದಂತಾಗಿತ್ತು. ಆದರೆ ಬಣ್ಣ ಒಂದೇ ಸಮ ಬರುತ್ತದೆ, ಪಡೆ ಪಡೆಯ ಹಾಗೆ ಕಾಣುತ್ತದೆ.

ಎಲ್ಲರ ತಲೆಯ ಟೋಪಿಗೂ ಕೆಂಪು. ಇದನ್ನು ತೋಟದಲ್ಲಿ ನೋಡಿ ಆರಿಸಿದೆ. ಕೊಯ್ಲಿನ ಹೊತ್ತಿಗೆ ದಟ್ಟ ಹಸಿರು ಎಲೆಯ ನಡುವೆ ಹಣ್ಣಾದ ಕಾಫಿ ಎಷ್ಟು ದೂರದಿಂದ ಕಣ್ಣಿಗೆ ಬೀಳುತ್ತದೆ ನೋಡಿ. ಹಸಿರಿಗೆ ಎದುರು ಬಣ್ಣ ಕೆಂಪು. ಗಾಬ್ಲಿನ್ ಮೈ ಮಂಕು ಹಸಿರಾಗಿದ್ದಷ್ಟೂ ಟೋಪಿ ಉರಿಯುತ್ತದೆ. ಕಪ್ಪಿನ ಮೇಲೆ ನೇರವಾಗಿ ಕೆಂಪು ಹಚ್ಚಿದರೆ ಅದು ಸಾಯುತ್ತದೆ. ಕೆಂಪು, ಹಳದಿ ಎರಡೂ ತೆಳು ಬಣ್ಣಗಳು, ಅಡಿಯ ಬಣ್ಣ ಇಣುಕುತ್ತದೆ. ಕೆಂಪಿನ ಕೆಳಗೆ ಮೊದಲು ತಿಳಿ ಗುಲಾಬಿ ಅಥವಾ ಇಟ್ಟಿಗೆ ಬಣ್ಣ, ಹಳದಿಯ ಕೆಳಗೆ ತಿಳಿ ಕಂದು ಹಚ್ಚಿದರೆ ಒಂದೆರಡು ಪದರದಲ್ಲೇ ತುಂಬಿಕೊಳ್ಳುತ್ತದೆ.

ಕಬ್ಬಿಣಕ್ಕೆ ಬೇರೆ ಗುರು ಬೇಕಾಗಲಿಲ್ಲ, ನಮ್ಮ ಮನೆ ಗೇಟಿತ್ತು. ಮಳೆಗಾಲ ಕಳೆದ ಮೇಲೆ ಅದನ್ನು ನೋಡಿದರೆ ಸಂದಿನಲ್ಲಿ ಕಡುಕಂದು, ಅದರ ಅಂಚಿನಲ್ಲಿ ಕಿತ್ತಳೆ, ಅಲ್ಲಿಂದ ಕೆಳಕ್ಕೆ ನೀರು ಹರಿದ ಕಡೆ ತೆಳು ಕಲೆ. ಗಾಬ್ಲಿನ್‌ಗಳು ಕತ್ತಿ ಒರೆಸುವ ಜಾತಿಯಲ್ಲ. ಬೆಳ್ಳಿ ಬಣ್ಣ ಹಚ್ಚಿ, ಕಂದು ವಾಶ್ ಹರಿಸಿ, ಹಿಡಿಯ ಹತ್ತಿರ ಕಿತ್ತಳೆ ಚುಕ್ಕೆ ಇಟ್ಟೆ. ಅಷ್ಟೇ.

ಕಣ್ಣು ಬರೆಯಬೇಕೋ ಬೇಡವೋ ಅನ್ನುವುದು ಈ ಹವ್ಯಾಸದವರಲ್ಲಿ ಮುಗಿಯದ ಜಗಳ. ನಾನು ಬರೆಯಲಿಲ್ಲ. ಹುಬ್ಬಿನ ಕೆಳಗೆ ಕಪ್ಪು ನೆರಳು ನಿಂತರೆ ಮೂರಡಿ ದೂರದಿಂದ ಕಣ್ಣು ಇದ್ದ ಹಾಗೇ ಕಾಣುತ್ತದೆ. ಮೊಬೈಲಿನಲ್ಲಿ ಹತ್ತಿರದ ಫೋಟೋ ತೆಗೆದು ನೋಡುವುದನ್ನೂ ಬಿಟ್ಟುಬಿಟ್ಟೆ. ಕ್ಯಾಮೆರಾ ಬೊಂಬೆಯನ್ನು ಅಂಗೈಯಷ್ಟು ದೊಡ್ಡದು ಮಾಡಿ ತೋರಿಸುತ್ತದೆ. ಅಷ್ಟು ಹತ್ತಿರದಿಂದ ಯಾರ ಮುಖ ಚೆನ್ನಾಗಿರುತ್ತೆ ಹೇಳಿ.

ನಾಯಕನ ವಿಷಯ ಬೇರೆ. ಅವನಿಗೆ ಕಣ್ಣು, ಹಲ್ಲು, ಉಗುರು, ಮೇಲಂಗಿಯ ಮಡಿಕೆ ಮಡಿಕೆಗೂ ಮೂರು ಹದದ ಕೆಂಪು. ಊಟದ ಡಬ್ಬದ ಮುಚ್ಚಳದಲ್ಲಿ ಒದ್ದೆ ಸ್ಪಾಂಜ್ ಇಟ್ಟು, ಮೇಲೆ ಬಟರ್ ಪೇಪರ್ ಹಾಸಿದರೆ ಬಣ್ಣ ಗಂಟೆಗಟ್ಟಲೆ ಹಸಿಯಾಗಿರುತ್ತದೆ. ಹದ ಬೆರೆಸುತ್ತಾ ಕೂರಬಹುದು. ಮಳೆಗಾಲದಲ್ಲಿ ಆ ಸ್ಪಾಂಜನ್ನು ಆಗಾಗ ತೊಳೆಯದಿದ್ದರೆ ಬೂಷ್ಟು ವಾಸನೆ ಮನೆ ತುಂಬುತ್ತದೆ. ಅವನ ತಟ್ಟೆಯ ಕೆಳಗೆ ನನ್ನ ಹೆಸರಿನ ಮೊದಲಕ್ಷರ ಬರೆದಿದ್ದೇನೆ. ದಾಸೋಜನಿಗೆ ಹಕ್ಕಿತ್ತು, ನನ್ನದು ಸುಮ್ನೆ ಆಸೆ.

ಟ್ರಾಲ್‌ಗಳು ಡಿಸೆಂಬರಿನಲ್ಲಿ ಬಂದವು. ಅಳಿಯನ ಗೆಳೆಯನ ಹತ್ತಿರ ರೆಸಿನ್ ಪ್ರಿಂಟರ್ ಇದೆ. ತೊಟ್ಟಿಯಲ್ಲಿ ದ್ರವ ರೆಸಿನ್, ಕೆಳಗಿನಿಂದ ನೇರಳಾತೀತದ ಹತ್ತಿರದ ಬೆಳಕು. ಬೆಳಕು ಬಿದ್ದ ಜಾಗ ಗಟ್ಟಿಯಾಗುತ್ತಾ, 0.05 ಮಿಲಿಮೀಟರಿನ ಒಂದೊಂದು ಪದರವಾಗಿ ಬೊಂಬೆ ತಲೆಕೆಳಗಾಗಿ ಬೆಳೆಯುತ್ತದೆ. ಚಳಿ ಇದಕ್ಕೆ ಆಗದು. 20 ಡಿಗ್ರಿಗಿಂತ ಕೆಳಗಿಳಿದರೆ ರೆಸಿನ್ ಮಂದವಾಗಿ ಮುದ್ರಣ ಕೈಕೊಡುತ್ತದೆ. ಹಾಗಾಗಿ ಮಧ್ಯಾಹ್ನದ ಹೊತ್ತು ನೋಡಿಯೇ ಮೆಷಿನ್ ಹಾಕಬೇಕು. ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಮತ್ತೆ ಬೆಳಕಿಗಿಟ್ಟು ಪೂರ್ತಿ ಗಟ್ಟಿ ಮಾಡಬೇಕು. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಕೆಟ್ಟದ್ದು. ನೈಟ್ರೈಲ್ ಗ್ಲೌಸ್ ಇಲ್ಲದೆ ಮುಟ್ಟಬಾರದು, ಮೋರಿಗಂತೂ ಚೆಲ್ಲಲೇಬಾರದು. ಕಸವನ್ನು ಬಿಸಿಲಿಗಿಟ್ಟು ಗಟ್ಟಿ ಮಾಡಿ ಎಸೆಯಬೇಕು. ಹುಡುಗರು ಇದರಲ್ಲಿ ಉಡಾಫೆ ಮಾಡದಂತೆ ನಾನು ಫೋನಿನಲ್ಲೇ ಕಾವಲು ಕಾದೆ.

ಬೊಂಬೆಯ ಕಾಲಡಿಯ ನೆಲಕ್ಕೆ ಚಿಕ್ಕಮಗಳೂರಿನಲ್ಲಿ ದುಡ್ಡು ಕೊಟ್ಟು ಏನನ್ನೂ ಕೊಳ್ಳಬೇಕಿಲ್ಲ. ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ ಇದೆಯಲ್ಲ, ಕಾಡಿನ ನೆಲ ಅದೇ. ಬಣ್ಣವೂ ಅದೇ. ಆದರೆ ಹಸಿಯಾಗಿ ಹಾಕಿದರೆ ವಾರದಲ್ಲಿ ಬಿಳಿ ಬೂಷ್ಟು. ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಬೆರಳಲ್ಲಿ ಹಿಡಿದರೆ ಉದುರುವ ಹಾಗೆ ಆಗಬೇಕು. ತಟ್ಟೆಗೆ ಫೆವಿಕಾಲ್ ಬಳಿದು ಮೇಲೆ ಉದುರಿಸಿ, ಒಣಗಿದ ಮೇಲೆ ನೀರು ಬೆರೆಸಿದ ಫೆವಿಕಾಲನ್ನು ಇನ್ನೊಮ್ಮೆ ಮೇಲಿನಿಂದ ಹರಿಸಿದರೆ ಗಟ್ಟಿಯಾಗಿ ಕೂರುತ್ತದೆ. ಅಮ್ಮ ಕಾವಲಿ ಕೊಡಲಿಲ್ಲ, ಹಳೆಯದೊಂದನ್ನು ಅಟ್ಟದಿಂದ ಇಳಿಸಿಕೊಂಡೆ. ಅಲ್ಲಲ್ಲಿ ಒಣಗಿಸಿದ ಪಾಚಿ ಚೂರು, ಟ್ರಾಲ್‌ಗಳ ಕಾಲಡಿ ಸಿಲ್ವರ್ ಓಕ್ ಮರದ ತೊಗಟೆಯ ತುಂಡು. ಬೂದು ಬಳಿದು ಡ್ರೈ ಬ್ರಷ್ ಮಾಡಿದರೆ ತೊಗಟೆ ಬಂಡೆಯಾಗುತ್ತದೆ.

ವಾರ್ನಿಷ್‌ಗೆ ಫೆಬ್ರುವರಿವರೆಗೆ ಕಾದೆ. ಬೆಳಗಿನ ಮಂಜು ಹರಿದು ಬಿಸಿಲು ಏರಿದ ಮೇಲೆ, ತಾರಸಿಯಲ್ಲಿ, ರಟ್ಟಿನ ಪೆಟ್ಟಿಗೆಯೊಳಗೆ ಸಾಲಾಗಿ ನಿಲ್ಲಿಸಿ ಹೊಡೆದೆ. ಮೊದಲು ಹೊಳೆಯುವ ವಾರ್ನಿಷ್, ಅದು ಗಟ್ಟಿ. ಆಮೇಲೆ ಹೊಳಪು ಕೊಲ್ಲುವ ಮ್ಯಾಟ್. ಈ ಎರಡನೆಯದು ಬೀಳುವವರೆಗೆ ನಲವತ್ತೂ ಗಾಬ್ಲಿನ್‌ಗಳು ಎಣ್ಣೆ ಸ್ನಾನ ಮಾಡಿ ಬಂದವರ ಹಾಗೆ ಮಿನುಗುತ್ತಿದ್ದವು.

ಹಾಸನಕ್ಕೆ ಹೊರಡುವ ಮುಂಚೆ ತಟ್ಟೆಗಳ ಕೆಳಗೆ ಪುಟ್ಟ ಅಯಸ್ಕಾಂತ ಅಂಟಿಸಿದ್ದೆ. ಕಬ್ಬಿಣದ ಬಿಸ್ಕತ್ ಡಬ್ಬದ ತಳಕ್ಕೆ ಅವು ಕಚ್ಚಿಕೊಳ್ಳುತ್ತವೆ. ಸರ್ಕಾರಿ ಬಸ್ಸಿನಲ್ಲಿ ಹಿಂದಿನ ಸೀಟು, ಹಂಪ್ ಹಂಪಿಗೂ ನಾನು ಹಾರಿ ಬಿದ್ದೆ. ಡಬ್ಬ ತೆರೆದು ನೋಡಿದರೆ ಒಂದು ಗಾಬ್ಲಿನ್ನೂ ಅಲುಗಿರಲಿಲ್ಲ.

ಆಟ ಅಕ್ಕನ ಮನೆಯ ಹಾಲಿನಲ್ಲಿ. ಅಳಿಯನ ಗೆಳೆಯರು ನಾಲ್ಕೈದು ಜನ ಸುತ್ತ ನಿಂತಿದ್ದರು. ಈ ನಿಯಮದಲ್ಲಿ ನಾಲ್ಕು ಸುತ್ತು. ಒಂದು ತುಕಡಿ ನಾನು ನಡೆಸಿದರೆ ಮುಂದಿನದು ಅವನು. ಕೊನೆಯಲ್ಲಿ ಮೇಜಿನ ಮೇಲಿನ ಗುರುತುಗಳಲ್ಲಿ ಹೆಚ್ಚು ಯಾರ ವಶದಲ್ಲಿವೆಯೋ ಅವರು ಗೆದ್ದ ಹಾಗೆ. ನನ್ನ ಗಾಬ್ಲಿನ್‌ಗಳು ಎರಡನೇ ಸುತ್ತಿಗೇ ಎದೆಗುಂದಿದವು. ತೋಳ ಸವಾರರು ಬಲಗಡೆ ಒಂದು ಗುರುತು ಹಿಡಿದರು. ಟ್ರಾಲ್‌ಗಳು ಪಾಳುಗೋಡೆಯ ಹತ್ತಿರ ಅಸ್ಥಿಪಂಜರಗಳನ್ನು ಪುಡಿ ಮಾಡಿದವು, ಆದರೆ ತಡವಾಗಿತ್ತು. ಒಂದು ಗುರುತಿನ ಅಂತರದಲ್ಲಿ ಅಳಿಯ ಗೆದ್ದ. ನೋಡುತ್ತಿದ್ದ ಹುಡುಗರು ಯಾರೂ ನಾಯಕನ ಹಲ್ಲು ನೋಡಲಿಲ್ಲ, ಮೂರು ಹದದ ಕೆಂಪನ್ನು ಕೇಳಲಿಲ್ಲ. ಗುಡ್ಡದ ಹಿಂದಿನಿಂದ ಟೋಪಿಗಳ ಕೆಂಪು ಸಾಲು ಒಟ್ಟಾಗಿ ಮುಂದೆ ಬಂದಾಗ ಮಾತ್ರ ಒಬ್ಬ "ಅಬ್ಬಾ, ಏನ್ ಗುರು ಇದು" ಅಂದ. ನನಗೆ ಗೆದ್ದಷ್ಟೇ ಆಯಿತು.

ಎರಡು ಈಟಿಯ ತುದಿಯಲ್ಲಿ ಬಣ್ಣ ಸವೆದಿತ್ತು. ಎಲ್ಲರೂ ಬೊಂಬೆಯನ್ನು ಅಲ್ಲೇ ಹಿಡಿದು ಎತ್ತುತ್ತಾರೆ. ಊಟಕ್ಕೆ ಕೂತಾಗ ಅಳಿಯ ಬಿಲ್ಲುಗಾರರಿಲ್ಲದೆ ಈ ಪಡೆಗೆ ಗತಿಯಿಲ್ಲ ಅಂತ ಲೆಕ್ಕ ಹಾಕಿ ತೋರಿಸಿದ. ಅವನ ಲೆಕ್ಕ ಸರಿಯಿತ್ತು. ಇಪ್ಪತ್ತು ಬಿಲ್ಲುಗಾರರು ಬಂದು ಕೂತಿದ್ದಾರೆ, ಗೆರೆ ಕೆರೆದಿದ್ದಾಗಿದೆ. ಈ ಸಲ ಮುಂಗಾರಿಗೆ ಕಾಯದೆ ಏಪ್ರಿಲ್ ಬಿಸಿಲಿನಲ್ಲೇ ತಾರಸಿಗೆ ಹೋಗಿ ಕಪ್ಪು ಸ್ಪ್ರೇ ಹೊಡೆದಿಟ್ಟಿದ್ದೇನೆ.